ಗೆದ್ದೆವು, ಕೂಪನ್ ತೋರಿಸಿ

ಯುದ್ಧ ಗೆದ್ದರೆ ಯಾರಾದರೂ ಕುಣಿಯುತ್ತಾರೆ. ಯಾವ ಬಣ್ಣದ, ಎಷ್ಟು ದುಡ್ಡಿನ ತೋರಣ ಕಟ್ಟಿ ಕುಣಿಯಬೇಕು ಅಂತ ಆದೇಶ ಹೊರಡಿಸುವ ಬುದ್ಧಿ ಮಾತ್ರ ಬ್ರಿಟಿಷರದ್ದು. 1945ರ ಮೇ. ಹಿಟ್ಲರ್ ಸತ್ತಿದ್ದ. ಬಟ್ಟೆಗೂ ರೇಷನ್ ಕೂಪನ್ ಇದ್ದ ಕಾಲ ಅದು. ಅಲ್ಲಿನ ವ್ಯಾಪಾರ ಇಲಾಖೆ ದೊಡ್ಡ ಮನಸ್ಸು ಮಾಡಿತು: ತಿಂಗಳ ಕೊನೆಯವರೆಗೆ ತೋರಣದ ಬಟ್ಟೆಗೆ ಕೂಪನ್ ಬೇಡ. ಆದರೆ ಕೆಂಪು, ಬಿಳಿ, ನೀಲಿ ಬಣ್ಣದ್ದೇ ಆಗಿರಬೇಕು. ಚದರ ಗಜಕ್ಕೆ ಒಂದು ಶಿಲ್ಲಿಂಗ್ ಮೂರು ಪೆನ್ಸ್ ದಾಟಬಾರದು. ಹಳದಿ ತೋರಣದಲ್ಲಿ ದೇಶಪ್ರೇಮ ತೋರಿಸುವ ಆಸೆ ಇದ್ದವರು ಕೂಪನ್ ಕೊಟ್ಟೇ ತೋರಿಸಬೇಕು, ಅಷ್ಟೇ.

ಗೆದ್ದ ಸುದ್ದಿಗೂ ಕ್ಯೂ ಇತ್ತು. ಮೇ 7ರ ನಸುಕಿನಲ್ಲೇ ಫ್ರಾನ್ಸಿನಲ್ಲಿ ಜರ್ಮನರು ಸಹಿ ಹಾಕಿ ಆಗಿತ್ತು. ಆದರೆ ರಷ್ಯಾದ ಸ್ಟಾಲಿನ್ ಒಪ್ಪಬೇಕಲ್ಲ? ಜನ ದಿನವಿಡೀ ಕಾದರು. ಸಂಜೆ ಬಿಬಿಸಿ ಹೇಳಿದ್ದು ಇಷ್ಟು: ನಾಳೆ ವಿಜಯದ ದಿನ, ರಜೆ. ಗೆದ್ದಿದ್ದೇವೆ ಅಂತ ಪ್ರಧಾನಿ ಚರ್ಚಿಲ್ ಬಾಯಿಬಿಟ್ಟು ಹೇಳಿದ್ದು ಮರುದಿನ ಮಧ್ಯಾಹ್ನ 3ಕ್ಕೆ. ರಜೆ ಮೊದಲು, ಕಾರಣ ಆಮೇಲೆ. ನಮ್ಮ ಕಚೇರಿಗಳು ಈ ಕ್ರಮವನ್ನು ಯಾರಿಂದ ಕಲಿತವು ಅಂತ ಈಗ ಅನುಮಾನ ಉಳಿದಿಲ್ಲ.

ಮೇ ಮುಗಿಯುವ ಮೊದಲೇ ವಿಜಯದ ಬಹುಮಾನ ಬಂತು. ವಾರದ ಬೇಕನ್ (ಉಪ್ಪು ಹಾಕಿದ ಹಂದಿಮಾಂಸ) 4 ಔನ್ಸ್‌ನಿಂದ 3ಕ್ಕೆ ಇಳಿಯಿತು. ಅಡುಗೆಯ ಕೊಬ್ಬು 2ರಿಂದ 1ಕ್ಕೆ. ಬಾಂಬ್ ಬೀಳುತ್ತಿದ್ದಾಗ ಸಿಗುತ್ತಿದ್ದದ್ದು, ಬಾಂಬ್ ನಿಂತ ಮೇಲೆ ಸಿಗಲಿಲ್ಲ.

ಜನ ಜುಲೈನಲ್ಲಿ ವೋಟು ಹಾಕಿದರು. ವಿದೇಶದಲ್ಲಿದ್ದ ಸೈನಿಕರ ವೋಟು ಬರಬೇಕು ಅಂತ ಎಣಿಕೆ ಮೂರು ವಾರ ತಡವಾಯಿತು. ಅಷ್ಟರಲ್ಲಿ ಚರ್ಚಿಲ್ ಜರ್ಮನಿಯ ಪಾಟ್ಸ್‌ಡ್ಯಾಮ್‌ಗೆ ಹೋಗಿ, ಅಮೆರಿಕದ ಅಧ್ಯಕ್ಷ ಟ್ರೂಮನ್, ಸ್ಟಾಲಿನ್ ಜೊತೆ ಕೂತು ಪ್ರಪಂಚ ಹಂಚಲು ಶುರು ಮಾಡಿದ್ದ. ಫಲಿತಾಂಶ ಕೇಳಲು ಊರಿಗೆ ಬಂದವನು ವಾಪಸ್ ಹೋಗಲೇ ಇಲ್ಲ. ಲೇಬರ್ ಪಕ್ಷ 393 ಸೀಟು ಬಾಚಿತ್ತು. ಅವನ ಕುರ್ಚಿಯಲ್ಲಿ ಲೇಬರ್ ನಾಯಕ ಆಟ್ಲಿ ಬಂದು ಕೂತ. ಯುದ್ಧ ಗೆಲ್ಲಿಸಿದವನಿಗೆ ಬೇಕನ್‌ಗಿಂತ ಜಾಸ್ತಿ ಕಡಿತ!

ಆಗಸ್ಟ್ 15ಕ್ಕೆ ಜಪಾನ್ ಶರಣಾಯಿತು. ವಾರದೊಳಗೆ ಅಮೆರಿಕ ಯುದ್ಧಕ್ಕೆಂದು ಬ್ರಿಟನ್‌ಗೆ ಉದ್ರಿ ಸಾಮಾನು ಕೊಡುವುದನ್ನೇ ನಿಲ್ಲಿಸಿತು. ಯುದ್ಧ ಮುಗಿದ ಮೇಲೆ ಯುದ್ಧದ ನೆರವು ಯಾಕೆ ಅಂತ ಅವರ ವಾದ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ ವಾಷಿಂಗ್ಟನ್‌ಗೆ ಓಡಿದ. ತಿಂಗಳುಗಟ್ಟಲೆ ಚೌಕಾಸಿ ನಡೆದು, ಡಿಸೆಂಬರಿನಲ್ಲಿ 375 ಕೋಟಿ ಡಾಲರ್ ಸಾಲಕ್ಕೆ ಸಹಿ ಬಿತ್ತು. ಕೊನೇ ಕಂತು ತೀರಿದ್ದು 2006ರ ಡಿಸೆಂಬರಿನಲ್ಲಿ. ಚರ್ಚಿಲ್ ಯೌವನದಲ್ಲಿ ಬೆಂಗಳೂರು ಕ್ಲಬ್ಬಿನಲ್ಲಿ ಬಾಕಿ ಉಳಿಸಿ ಹೋದ 13 ರೂಪಾಯಿ ಮಾತ್ರ ಈ ಲೆಕ್ಕದಲ್ಲಿ ಸೇರಲಿಲ್ಲ.

ಇದರ ಮಧ್ಯೆ ಬ್ರಿಟನ್ ಭಾರತಕ್ಕೂ ನೂರು ಕೋಟಿ ಪೌಂಡ್‌ಗಿಂತ ಹೆಚ್ಚು ಬಾಕಿ ಇತ್ತು. ಯುದ್ಧಕ್ಕೆ ಇಲ್ಲಿಂದ ಒಯ್ದ ಸಾಮಾನು, ಸೇವೆಯ ಲೆಕ್ಕ ಅದು. ಆದರೂ ನವೆಂಬರಿನಲ್ಲಿ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ಮೇಲೆ ದೊರೆಯ ವಿರುದ್ಧ ಯುದ್ಧ ಸಾರಿದ ಕೇಸು ನಡೆಸಿದರು. ಸಾಲಗಾರನೇ ಕಟಕಟೆ ಹಾಕಿ, ಸಾಲ ಕೊಟ್ಟವನನ್ನು ನಿಲ್ಲಿಸಿ, ನಿಷ್ಠೆ ಎಲ್ಲಿ ಅಂತ ಕೇಳಿದ ಹಾಗಾಯಿತು.

ಬ್ರೆಡ್ಡಿಗೆ ಯುದ್ಧದುದ್ದಕ್ಕೂ ರೇಷನ್ ಇರಲಿಲ್ಲ. ಜರ್ಮನ್ ಸಬ್‌ಮರೀನುಗಳಿಗೂ ಅದನ್ನು ಮುಟ್ಟಲಾಗಿರಲಿಲ್ಲ. ಅದನ್ನು 1946ರ ಜುಲೈನಲ್ಲಿ ಸ್ವಂತ ಸರ್ಕಾರವೇ ರೇಷನ್‌ಗೆ ಹಾಕಿತು. ಗೋಧಿಯ ಕೊರತೆ, ಜೊತೆಗೆ ತಾನು ಹಿಡಿದಿದ್ದ ಜರ್ಮನಿಯ ಭಾಗಕ್ಕೂ ಊಟ ಹಾಕಬೇಕಲ್ಲ! ಪಶ್ಚಿಮ ಜರ್ಮನಿಯಲ್ಲಿ ರೇಷನ್ ಕಾರ್ಡು 1950ಕ್ಕೇ ಹೋಯಿತು. ಗೆದ್ದ ಬ್ರಿಟಿಷರು ಮಾಂಸಕ್ಕಾಗಿ 1954ರ ಜುಲೈವರೆಗೆ ಕೂಪನ್ ಹರಿಯುತ್ತಿದ್ದರು.