ಗಾಳಿ ಬಂದಾಗ ತೂರಿಕೊಂಡವರು ಯಾರು?

ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬೆಳಿಗ್ಗೆ ಎದ್ದವರೇ ಅಡುಗೆಮನೆಯ ಕಿಟಕಿಗೆ ಬಂದು ನಿಲ್ಲುತ್ತಾರಂತೆ. ಕಾಫಿ ಆಮೇಲೆ. ಬಾರ್ಲಿ ಹೊಲದಾಚೆ ಮೂರು ಗಾಳಿಯಂತ್ರಗಳಿವೆ. ಅವು ತಿರುಗುತ್ತಿದ್ದರೆ ಆ ದಿನ ಮನೆಯಲ್ಲಿ ನೆಮ್ಮದಿ, ನಿಂತಿದ್ದರೆ ಯಂತ್ರದ ಸಂಘದ ಅಧ್ಯಕ್ಷರಿಗೆ ಫೋನು. ಇದನ್ನು ನಗುತ್ತಾ ಹೇಳಿದವರು ಅವರ ಹೆಂಡತಿ. ಮೂರರಲ್ಲಿ ನಡುವಿನ ಯಂತ್ರದಲ್ಲಿ ಮೇಷ್ಟ್ರ ಐದು ಷೇರುಗಳಿವೆ.

ನಾನಿರುವುದು ಡೆನ್ಮಾರ್ಕಿನಲ್ಲಿ, ಓರ್ಹುಸ್ ನಗರದಿಂದ ಅರ್ಧ ಗಂಟೆಯ ದಾರಿಯ ಒಂದು ಹಳ್ಳಿಯಲ್ಲಿ. ಹುಟ್ಟಿದ್ದು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ. ಗಾಳಿ ನನ್ನನ್ನು ಅಲ್ಲಿಂದ ಇಲ್ಲಿಗೂ ಹಿಂಬಾಲಿಸಿದೆ. ಕಪ್ಪತಗುಡ್ಡದ ಸಾಲಿನಲ್ಲಿ ಫ್ಯಾನುಗಳು ತಲೆಯೆತ್ತಿದಾಗ (ನಮ್ಮೂರಿನಲ್ಲಿ ಅವಕ್ಕೆ ಫ್ಯಾನು ಎಂದೇ ಹೆಸರು) ನಾನು ಶಾಲೆಯ ಹುಡುಗ. ಮೊದಲು ಗುಡ್ಡದ ಮೇಲಿದ್ದವು, ಆಮೇಲೆ ಕೆಳಗಿನ ಎರೆಹೊಲಗಳಿಗೂ ಇಳಿದವು. ಒಂದು ನಮ್ಮ ಕಾಕಾನ ಹೊಲದಲ್ಲಿ ನಿಂತಿದೆ. ಅವರ ಹೊಲ ಎನ್ನುವುದು ತಪ್ಪು. ಆ ಎರಡು ಎಕರೆಗೆ ಕಂಪನಿಯವರು ಒಂದೇ ಕಂತಿನಲ್ಲಿ ಹಣ ಕೊಟ್ಟು ಖರೀದಿ ಪತ್ರ ಮಾಡಿಸಿಕೊಂಡಿದ್ದಾರೆ. ಬಂದ ಹಣ ಮಗಳ ಮದುವೆಗೂ ಟ್ರಾಕ್ಟರಿನ ಮುಂಗಡಕ್ಕೂ ಸರಿಹೋಯಿತು. ಯಾರೂ ಮೋಸ ಮಾಡಲಿಲ್ಲ. ಆಗಿನ ಮಾರುಕಟ್ಟೆ ದರಕ್ಕಿಂತ ಹೆಚ್ಚೇ ಸಿಕ್ಕಿತು ಎಂದು ಕಾಕಾ ಇಂದಿಗೂ ಒಪ್ಪುತ್ತಾರೆ.

ಬೇಸಿಗೆ ರಜೆಗೆ ಊರಿಗೆ ಹೋದಾಗ ನನಗೆ ತಪ್ಪದೆ ಎದುರಾಗುವ ಪ್ರಶ್ನೆ, ಅಲ್ಲಿನ ಫ್ಯಾನು ದೊಡ್ಡದೋ ಇಲ್ಲಿನದೋ ಎಂಬುದು. ಯಂತ್ರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮೆಗಾವಾಟ್ ಲೆಕ್ಕದಲ್ಲಿ ಕರ್ನಾಟಕ ಯಾರ ಮುಂದೂ ತಲೆ ತಗ್ಗಿಸಬೇಕಾಗಿಲ್ಲ. ಪವನ ವಿದ್ಯುತ್ತಿನ ಸಾಮರ್ಥ್ಯ ಐದು ಸಾವಿರ ಮೆಗಾವಾಟ್ ದಾಟಿ ವರ್ಷಗಳೇ ಆದವು. ವ್ಯತ್ಯಾಸ ಇರುವುದು ಯಂತ್ರ ಯಾರ ಹೆಸರಿನಲ್ಲಿದೆ ಎಂಬುದರಲ್ಲಿ.

1973ರಲ್ಲಿ ತೈಲದ ಬೆಲೆ ಗಗನಕ್ಕೇರಿದಾಗ ಡೆನ್ಮಾರ್ಕ್ ತನ್ನ ಇಂಧನದ ಸುಮಾರು ಶೇಕಡಾ 90 ಪಾಲನ್ನು ಹೊರಗಿನ ತೈಲದಿಂದ ಪಡೆಯುತ್ತಿತ್ತು. ಭಾನುವಾರ ಕಾರು ಹೊರಗೆ ತೆಗೆಯಬಾರದು ಎಂದು ಸರ್ಕಾರ ಆಜ್ಞೆ ಮಾಡಿತು. ಹೆದ್ದಾರಿಯಲ್ಲಿ ಸೈಕಲ್ ತುಳಿದದ್ದನ್ನು ಮೇಷ್ಟ್ರು ಈಗಲೂ ಹಬ್ಬದ ನೆನಪಿನಂತೆ ಹೇಳುತ್ತಾರೆ. 1979ರಿಂದ ಗಾಳಿಯಂತ್ರ ಹಾಕುವವರಿಗೆ ಖರ್ಚಿನ ಶೇಕಡಾ 30ರಷ್ಟು ಸಹಾಯಧನ ಸಿಕ್ಕಿತು. ಆಗಿನ ಯಂತ್ರಗಳು ಸಣ್ಣವು, 55 ಕಿಲೋವಾಟಿನವು. ನಾಲ್ಕಾರು ರೈತರು, ಒಬ್ಬ ಮೇಷ್ಟ್ರು, ಒಬ್ಬ ಬಡಗಿ ಸೇರಿದರೆ ಒಂದನ್ನು ಕೊಳ್ಳಬಹುದಿತ್ತು. ಮೊದಮೊದಲು ಯಂತ್ರದ ಹತ್ತಿರ ವಾಸಿಸುವವರಿಗಷ್ಟೇ ಷೇರು, ಅದೂ ಮನೆಯ ಬಳಕೆಗೆ ತಕ್ಕಷ್ಟೇ. ದುಡ್ಡಿದ್ದವನು ಎಲ್ಲವನ್ನೂ ಬಾಚಿಕೊಳ್ಳದಂತೆ ಹಾಕಿದ ಕಟ್ಟು ಅದು. ಹೊಸ ಶತಮಾನ ಬರುವ ಹೊತ್ತಿಗೆ ಈ ಪುಟ್ಟ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳು ಗಾಳಿಯಲ್ಲಿ ಪಾಲುದಾರರಾಗಿದ್ದವು. ಇಂದು ದೇಶ ಬಳಸುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯದ್ದು.

ಇದು ಒಮ್ಮೆಲೇ ಹೊಳೆದ ಬುದ್ಧಿಯಲ್ಲ. 1882ರಲ್ಲೇ ಇಲ್ಲಿನ ರೈತರು ಯೆಡ್ಡಿಂಗ್ ಎಂಬ ಹಳ್ಳಿಯಲ್ಲಿ ಸಹಕಾರಿ ಡೇರಿ ಕಟ್ಟಿದ್ದರು. ಹಾಲು ಕೂಡಿಸಿ ಬೆಣ್ಣೆ ಮಾರಿ ಲಾಭ ಹಂಚಿಕೊಳ್ಳುವುದನ್ನು ಅಜ್ಜ ಕಲಿತಿದ್ದ, ಮೊಮ್ಮಗ ಅದೇ ಲೆಕ್ಕದ ಪುಸ್ತಕದಲ್ಲಿ ಹಾಲಿನ ಜಾಗದಲ್ಲಿ ಗಾಳಿ ಎಂದು ಬರೆದುಕೊಂಡ.

ಕೋಪನ್‌ಹೇಗನ್ನಿನ ಸಮುದ್ರತೀರದಲ್ಲಿ ನಿಂತರೆ ನೀರಿನಲ್ಲಿ ಬಿಲ್ಲಿನಂತೆ ಬಾಗಿದ ಒಂದು ಸಾಲು ಕಾಣುತ್ತದೆ. ಅದು ಮಿಡಲ್‌ಗ್ರುಂಡೆನ್: 20 ಯಂತ್ರಗಳು, 40 ಮೆಗಾವಾಟ್. ಮೊದಲ ಯೋಜನೆಯಲ್ಲಿ ಮೂರು ಸಾಲುಗಳಲ್ಲಿ 27 ಯಂತ್ರಗಳಿದ್ದವು. ನಗರದವರು ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ ಎಂದು ತಕರಾರು ತೆಗೆದ ಮೇಲೆ ಏಳನ್ನು ಬಿಟ್ಟು ಉಳಿದವನ್ನು ಒಂದೇ ಕಮಾನಾಗಿ ಬಾಗಿಸಿದರು. ಇಪ್ಪತ್ತರಲ್ಲಿ ಹತ್ತು ಯಂತ್ರಗಳು ಸಹಕಾರ ಸಂಘದವು. 40,500 ಷೇರು, ಒಂದಕ್ಕೆ 4,250 ಕ್ರೋನ (ಇಲ್ಲಿನ ಹಣ), ಸುಮಾರು ಎಂಟೂವರೆ ಸಾವಿರ ಸದಸ್ಯರು. ಒಂದು ಷೇರು ಎಂದರೆ ವರ್ಷಕ್ಕೆ ಸಾವಿರ ಯೂನಿಟ್ ಎಂದು ಅಳತೆ. ಷೇರು ಎಂಬ ಪದಕ್ಕೆ ಹೆದರುವವರಿಗೂ ಕರೆಂಟ್ ಬಿಲ್ಲು ಓದಲು ಬರುತ್ತದೆ.

ಮೇಷ್ಟ್ರು ಒಮ್ಮೆ ನನ್ನನ್ನು ತಮ್ಮ ಸಂಘದ ವಾರ್ಷಿಕ ಸಭೆಗೆ ಕರೆದೊಯ್ದರು. ಹೋಗುವಾಗ ನನ್ನ ತಲೆಯಲ್ಲಿ ದೊಡ್ಡ ಕಲ್ಪನೆಗಳಿದ್ದವು. ಊರ ಸಭಾಭವನದಲ್ಲಿ ನಲವತ್ತು ಜನ, ಬಹುಪಾಲು ಅರವತ್ತು ದಾಟಿದವರು. ಥರ್ಮಾಸಿನಲ್ಲಿ ಕಾಫಿ, ತಟ್ಟೆಯಲ್ಲಿ ದಾಲ್ಚಿನ್ನಿ ಹಾಕಿದ ಸುರುಳಿ ರೊಟ್ಟಿ. ಭೂಮಿಯ ತಾಪದ ಬಗ್ಗೆ ಒಬ್ಬರೂ ಮಾತನಾಡಲಿಲ್ಲ. ಒಂದು ಗಂಟೆಯ ಪೈಕಿ ನಲವತ್ತು ನಿಮಿಷ ಗೇರ್‌ಬಾಕ್ಸಿನಲ್ಲಿ ಎಣ್ಣೆ ಸೋರುವುದರ ಮೇಲೆ ಕಳೆಯಿತು: ಈಗಲೇ ರಿಪೇರಿ ಮಾಡಿಸಿದರೆ ಈ ವರ್ಷದ ಲಾಭಾಂಶ ಕಡಿಮೆ, ಮುಂದೂಡಿದರೆ ಮುಂದೆ ದೊಡ್ಡ ಖರ್ಚು. ಹಿಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು, ಹೋದ ವರ್ಷದ ವಿಮೆಯ ಮೊತ್ತ ಯಾಕೆ ಹೆಚ್ಚಾಯಿತು ಎಂದು ಖಜಾಂಚಿಯನ್ನು ಬೆವರಿಳಿಸಿದರು. ನನಗೆ ನೆನಪಾದದ್ದು ನಮ್ಮೂರ ಹಾಲಿನ ಡೇರಿಯ ಸಭೆ. ಫ್ಯಾಟ್ ಎಷ್ಟು ಬಂತು, ಬೋನಸ್ ಎಷ್ಟು ಕೊಡುತ್ತೀರಿ, ಅಳತೆಯಲ್ಲಿ ಯಾಕೆ ವ್ಯತ್ಯಾಸ! ಅದೇ ಕೂಗಾಟ, ಇಲ್ಲಿ ದನಿ ಮಾತ್ರ ಸ್ವಲ್ಪ ತಗ್ಗು.

ಹೆತ್ತವರಿಗೆ ಹೆಗ್ಗಣ ಮುದ್ದು. ಆ ಮೂರು ಯಂತ್ರಗಳ ಸಪ್ಪಳ ನನಗೆ ಕೆಲವು ರಾತ್ರಿ ಕಿರಿಕಿರಿ, ಮೇಷ್ಟ್ರಿಗೆ ಜೋಗುಳ. ಷೇರಿಲ್ಲದ ಎದುರುಮನೆಯವರು ಕಿಟಕಿಗೆ ದಪ್ಪ ಗಾಜು ಹಾಕಿಸಿಕೊಂಡಿದ್ದಾರೆ. ಓರ್ಹುಸಿನಿಂದ ದೋಣಿಯಲ್ಲಿ ಹೋಗಬಹುದಾದ ಸಾಮ್ಸೊ ದ್ವೀಪದಲ್ಲಿ ಈ ಮಾತು ಇನ್ನೂ ಚೆನ್ನಾಗಿ ಕಾಣುತ್ತದೆ. ಎಳೆ ಆಲೂಗಡ್ಡೆಗೆ ಹೆಸರಾದ, ನಾಲ್ಕು ಸಾವಿರದಷ್ಟು ಜನರ ಆ ದ್ವೀಪ 1997ರಲ್ಲಿ ನವೀಕರಿಸಬಹುದಾದ ಇಂಧನದ ಬಗ್ಗೆ ಸರ್ಕಾರ ನಡೆಸಿದ ಸ್ಪರ್ಧೆಯೊಂದರಲ್ಲಿ ಗೆದ್ದು, ಹತ್ತು ವರ್ಷದೊಳಗೆ ತನಗೆ ಬೇಕಾದುದಕ್ಕಿಂತ ಹೆಚ್ಚು ವಿದ್ಯುತ್ ಉತ್ಪಾದಿಸತೊಡಗಿತು. ನೆಲದ ಮೇಲಿನ 11 ಯಂತ್ರಗಳಲ್ಲಿ ಒಂಬತ್ತು ರೈತರವು, ಎರಡು ಸಂಘದವು.

ಇಷ್ಟು ಹೊಗಳಿದ ಮೇಲೆ ಇಲ್ಲಿನ ಹುಳುಕನ್ನೂ ಹೇಳದಿದ್ದರೆ ಹೊರನಾಡಿನವರ ಹಳೆಯ ಚಾಳಿಗೆ ಬಿದ್ದಂತೆ. ಯಂತ್ರಗಳು ನೂರೈವತ್ತು ಮೀಟರಿನ ಎತ್ತರಕ್ಕೆ ಬೆಳೆದಂತೆ ನಾಲ್ಕಾರು ರೈತರ ಜೇಬಿಗೆ ಎಟುಕದಾದವು. ಹೊಸ ಯೋಜನೆಯ ಕನಿಷ್ಠ ಶೇಕಡಾ 20ರಷ್ಟು ಷೇರನ್ನು ಮೊದಲು ನಾಲ್ಕೂವರೆ ಕಿಲೋಮೀಟರ್ ಒಳಗಿನವರಿಗೆ ಕೊಡಬೇಕು ಎಂದು 2009ರಲ್ಲಿ ಕಾನೂನೇ ಬಂತು. ಅಂದುಕೊಂಡಷ್ಟು ಜನ ಮುಂದೆ ಬರಲಿಲ್ಲ. 2020ರಲ್ಲಿ ಅದನ್ನು ಕೈಬಿಟ್ಟು, ಹತ್ತಿರದ ಮನೆಗಳಿಗೆ ಪ್ರತಿವರ್ಷ ಇಷ್ಟು ಹಣ ಎಂದು ಬೋನಸ್ ಗೊತ್ತುಮಾಡಿದರು. ಪಾಲುದಾರ ಪರಿಹಾರ ಪಡೆಯುವವನಾದ. ಹಳ್ಳಿಗಳ ರಸ್ತೆಬದಿಯಲ್ಲಿ ‘ದೈತ್ಯ ಯಂತ್ರ ಬೇಡ’ ಎಂಬ ಫಲಕಗಳು ಈಗ ಕಾಣತೊಡಗಿವೆ. ಅತ್ತ ಸಮುದ್ರದ ದೊಡ್ಡ ಗುತ್ತಿಗೆಗಳೂ ಸಲೀಸಾಗಿಲ್ಲ. 2024ರ ಡಿಸೆಂಬರಿನಲ್ಲಿ ಉತ್ತರ ಸಮುದ್ರದ 3,000 ಮೆಗಾವಾಟಿನ ಹರಾಜಿಗೆ ಒಬ್ಬ ಬಿಡ್ಡುದಾರನೂ ಬರಲಿಲ್ಲ.

ಆದರೂ ನನಗೆ ಹೊಟ್ಟೆ ಉರಿಯುವುದು ನಮ್ಮ ಜಿಲ್ಲೆಯನ್ನು ನೆನೆದಾಗ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಗುರುತಿಸುವುದು ಯಾವುದನ್ನು? 1905ರಲ್ಲಿ ಸಿದ್ದನಗೌಡ ಪಾಟೀಲರು ಕಣಗಿನಹಾಳದಲ್ಲಿ ಕಟ್ಟಿದ್ದನ್ನು. ಕಣಗಿನಹಾಳ ಇರುವುದು ಗದಗ ತಾಲ್ಲೂಕಿನಲ್ಲಿ! ಸಹಕಾರದ ತವರಿನಲ್ಲೇ ಗಾಳಿ ಬೀಸುತ್ತಿದೆ, ಸಹಕಾರ ಸಂಘದ ಹೆಸರು ಹೊತ್ತ ಒಂದು ಫ್ಯಾನನ್ನೂ ನಾನು ಕಂಡಿಲ್ಲ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಕಣದಲ್ಲಿ ನಿಂತು ಹೇಳಿದವರು ನಾವು, ತೂರಿಕೊಂಡವರು ಬೇರೆಯವರು.

ಪಾವಗಡದಲ್ಲಿ ಒಂದು ಹೆಜ್ಜೆ ಮುಂದಿಟ್ಟರು ಎನ್ನಬೇಕು. 2,050 ಮೆಗಾವಾಟಿನ ಸೌರ ಉದ್ಯಾನಕ್ಕೆ ಸುಮಾರು 13,000 ಎಕರೆಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಮಳೆ ಕೈಕೊಡುವ ನೆಲಕ್ಕೆ ಅದು ಕಡಿಮೆಯಲ್ಲ, ಪಹಣಿಯಲ್ಲಿ ಹೆಸರೂ ಉಳಿಯುತ್ತದೆ. ಹೊಲವಿಲ್ಲದೆ ಕೂಲಿಗೆ ಹೋಗುತ್ತಿದ್ದವರಿಗೆ ಮಾತ್ರ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಇನ್ನೂ ಮುಂದಿನ ಹೆಜ್ಜೆ ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿದೆ: 2016ರಲ್ಲಿ ಆರು ರೈತರು ಸೌರ ಪಂಪುಗಳ ಸಹಕಾರ ಸಂಘ ಕಟ್ಟಿ, ನೀರು ಹಾಯಿಸಿ ಉಳಿದ ಕರೆಂಟನ್ನು ವಿದ್ಯುತ್ ಕಂಪನಿಗೆ ಮಾರತೊಡಗಿದರು. ಖೇಡಾ ಹಾಲಿನ ಸಹಕಾರಕ್ಕೆ ಹೆಸರಾದ ಜಿಲ್ಲೆ ಎಂಬುದು ಆಕಸ್ಮಿಕವಲ್ಲ ಎಂದು ನನ್ನ ಅನಿಸಿಕೆ.

ಊರಿನ ಗೆಳೆಯರು ಇದಕ್ಕೆ ಉತ್ತರ ಸಿದ್ಧವಾಗಿಟ್ಟುಕೊಂಡಿದ್ದಾರೆ. ಒಂದು ಫ್ಯಾನಿಗೆ ಹತ್ತಾರು ಕೋಟಿ ಬೇಕು, ಎಲ್ಲಿಂದ ತರುವುದು? ಸಂಘ ಎಂದರೆ ಚುನಾವಣೆ, ಚುನಾವಣೆ ಎಂದರೆ ಎರಡು ಗುಂಪು. ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟೆ, ಮನೆಗೂ 200 ಯೂನಿಟ್‌ವರೆಗೆ ಪುಕ್ಕಟೆ ಇರುವಾಗ ಯಾರಿಗೆ ಬೇಕು ಷೇರು? ಮೂರೂ ತೂಕದ ಮಾತುಗಳೇ. ಆದರೆ ನಾನು ಇಡೀ ಫ್ಯಾನು ಕೇಳುತ್ತಿಲ್ಲ. ಕಂಪನಿ ಹೊಲ ಕೇಳಲು ಬಂದಾಗ ಖರೀದಿಯ ಬದಲು ಗುತ್ತಿಗೆ ಇರಲಿ, ಉತ್ಪಾದನೆಯಲ್ಲಿ ಒಂದು ಸಣ್ಣ ಪಾಲು ಊರಿನ ಪತ್ತಿನ ಸಂಘದ ಹೆಸರಿಗೆ ಇರಲಿ, ಹೊಲವಿಲ್ಲದವರೂ ಅದರಲ್ಲಿ ಸದಸ್ಯರಾಗಲಿ, ಲೆಕ್ಕ ವರ್ಷಕ್ಕೊಮ್ಮೆ ಗುಡಿಯ ಕಟ್ಟೆಯ ಮೇಲೆ ಓದಲಿ. ಎರಡು ಗುಂಪು ಜಗಳವಾಡಿದರೆ ಆಡಲಿ. ನಮ್ಮ ಡೇರಿಯಲ್ಲೂ ಎರಡು ಗುಂಪಿವೆ, ಹಾಲು ಒಂದು ದಿನವೂ ನಿಂತಿಲ್ಲ.

ಹೋದ ಆಷಾಢದಲ್ಲಿ ಕಾಕಾ ಫೋನು ಮಾಡಿದ್ದರು. ಬೆಳೆ, ಬೆಲೆ, ಮೊಣಕಾಲು ನೋವು ಎಲ್ಲ ಮುಗಿದ ಮೇಲೆ, “ತಮ್ಮಾ, ನಮ್ಮ ಹೊಲದ ಫ್ಯಾನು ಮೂರು ದಿನದಿಂದ ತಿರುಗುತ್ತಿಲ್ಲ” ಎಂದರು. ಇಂಥ ಗಾಳಿಯಲ್ಲಿ ಅದೊಂದೇ ನಿಂತಿದೆ, ಅಕ್ಕಪಕ್ಕದವು ತಿರುಗುತ್ತಿವೆ, ಏನೋ ಕೆಟ್ಟಿರಬೇಕು ಎಂದು ಅವರ ಚಿಂತೆ. ಕಂಬದ ಮೇಲೆ ಬರೆದ ನಂಬರನ್ನು ಬಾಯಿಪಾಠ ಹೇಳಿದರು. ಯಾರಿಗಾದರೂ ಹೇಳಿದಿರಾ ಎಂದು ಕೇಳಿದೆ. ಗೇಟಿನ ಕಾವಲುಗಾರನಿಗೆ ಹೇಳಿದರಂತೆ. ಅದು ನಿಮಗೆ ಸಂಬಂಧವಿಲ್ಲ ಅಜ್ಜಾ ಎಂದನಂತೆ ಅವನು.