ಎಷ್ಟು ಪೀಸ್ ಬೇಕ್ರಿ?

ಅನಗವಾಡಿ ಸೇತುವೆಯ ಹತ್ತಿರ ಭಾನುವಾರ ಬೆಳಿಗ್ಗೆ ಗಾಳ ಹಾಕಿ ಕೂಡುವ ಹದಿನಾಲ್ಕು ಜನ ನಾವು. ಎಲ್ಲ ಬಾಗಲಕೋಟೆ ನವನಗರದವರು. ಇಬ್ಬರು ನಿವೃತ್ತ ಮಾಸ್ತರರು, ಒಬ್ಬರು ಇಂಜಿನಿಯರ್ ಕಾಕಾ, ಒಬ್ಬ ಸಿಮೆಂಟ್ ಏಜೆಂಟ್. ಉಳಿದವರು ಭಾನುವಾರ ಮನೆಯಲ್ಲಿ ಇರಲಾರದೆ ಬಂದವರು. ಹದಿನಾಲ್ಕರಲ್ಲಿ ಒಂಬತ್ತು ಮಂದಿ ಮನೆಯೊಳಗೆ ಮೀನು ತರುವ ಹಾಗಿಲ್ಲ. ಹಾಗಾಗಿ ಹಿಡಿದದ್ದನ್ನು ವಾಪಸ್ ನೀರಿಗೆ ಬಿಡುತ್ತೇವೆ. ಇದಕ್ಕೆ ಫಾರಿನ್ನಿನಲ್ಲಿ ಭಾರೀ ಮರ್ಯಾದೆ ಇದೆ ಅಂತ ಈಚೆಗೆ ಗೊತ್ತಾಯಿತು. ಅಲ್ಲಿಯವರೆಗೆ ಅದನ್ನು ಹೆಂಡತಿಯ ಹೆದರಿಕೆ ಅಂತಲೇ ತಿಳಿದಿದ್ದೆವು.

ಹೋದ ತಿಂಗಳು ಚುರಮುರಿ ಪೊಟ್ಟಣ ಬಿಚ್ಚುವ ಹೊತ್ತಿಗೆ ನಮ್ಮ ಅಧ್ಯಕ್ಷರು ಎದ್ದು ನಿಂತರು. ಅವರನ್ನು ಯಾರೂ ಆರಿಸಿಲ್ಲ. ಹೊಳೆ ದಂಡೆಗೆ ಕುರ್ಚಿ ತರುವವರು ಅವರೊಬ್ಬರೇ, ಅಷ್ಟೇ.

"ಇನ್ನ ಮುಂದ ಇಲ್ಲೆ ಪರದೇಶಿ ಸಾಮಾನು ನಡಿಯಂಗಿಲ್ಲ. ಗಾಳ, ದಾರ, ಕೋಲು, ರೀಲು, ಎಲ್ಲಾ ಸ್ವದೇಶಿ," ಅಂದರು.

ಚಪ್ಪಾಳೆ ತಟ್ಟಿದೆವು. ಠರಾವು ಪಾಸಾಗಲು ಏಳು ನಿಮಿಷ ಹಿಡಿಯಿತು. ನಾವು ಕೂತಿದ್ದು ಆಲಮಟ್ಟಿಯ ಹಿನ್ನೀರಿನ ಮುಂದೆ. ಆ ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವುದು 519.60 ಮೀಟರ್‌ವರೆಗೆ. ಅದನ್ನು 524.256 ಮೀಟರ್‌ಗೆ ಏರಿಸಬಹುದು ಅಂತ ನ್ಯಾಯಮಂಡಳಿ ಹೇಳಿದ್ದು 2010ರಲ್ಲಿ. ಆ ನಾಲ್ಕೂವರೆ ಮೀಟರ್ ಭಾಷಣದಲ್ಲಿ ಮಾತ್ರ ಏರುತ್ತಾ ಬಂದಿದೆ. ಅಂಥ ನೀರಿನ ಪಕ್ಕ ಏಳೇ ನಿಮಿಷಕ್ಕೆ ಒಂದು ತೀರ್ಮಾನ ಆಯ್ತು ಅಂದರೆ ಸಣ್ಣ ಮಾತಲ್ಲ.

ಅಧ್ಯಕ್ಷರ ಸ್ವದೇಶಿ ಮೊನ್ನೆ ಹುಟ್ಟಿದ್ದಲ್ಲ. 2020ರ ಜೂನ್‌ನಲ್ಲಿ ಸರಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದ ವಾರ, ಅವರು ನಡುಬೀದಿಯಲ್ಲಿ ನಿಂತು ಗಾಳದ ದಾರ ಸುತ್ತುವ ಒಂದು ರೀಲನ್ನು ಕಲ್ಲಿನಿಂದ ಜಜ್ಜಿದ್ದರು. ಅದು ಮೊದಲೇ ಕೆಟ್ಟಿತ್ತು, ಆ ಮಾತು ಬೇರೆ. ಜಜ್ಜಿ ಆದ ಮೇಲೆ ನೋಡಿದರೆ ಅದರ ಮೇಲೆ ಜಪಾನ್ ಅಂತ ಇತ್ತು. "ಇರ್ಲಿ ಬಿಡ್ರಿ, ಬಾಜೂ ಮನಿಯವರಿಗೂ ಸ್ವಲ್ಪ ಬಿಸಿ ಮುಟ್ಲಿ," ಅಂದಿದ್ದರು.

ಮರುದಿನ ನಾಲ್ಕು ಜನ ಪೇಟೆಗೆ ಹೋದೆವು. ಹಗ್ಗ, ಬಲೆ, ತಾಡಪತ್ರಿ ಮಾರುವ ಅಂಗಡಿ. ಮಾಲೀಕರನ್ನು ಎಲ್ಲರೂ ಮಾವ ಅಂತಲೇ ಕರೆಯುತ್ತಾರೆ. ಸ್ವದೇಶಿ ಗಾಳದ ಕೋಲು ಬೇಕು ಅಂದಾಗ ಮಾವ ಸ್ವಲ್ಪವೂ ತಡಮಾಡಲಿಲ್ಲ. ಅಟ್ಟದಿಂದ ಒಂದು ಉದ್ದ ಡಬ್ಬಿ ಇಳಿಸಿದರು. ಮೇಲೆ ತ್ರಿವರ್ಣ, ಒಬ್ಬ ವೀರನ ಹೆಸರು, ದಿಲ್ಲಿಯ ವಿಳಾಸ. ಅಧ್ಯಕ್ಷರು ಡಬ್ಬಿಗೆ ಕೈ ಮುಗಿಯುವುದೊಂದು ಬಾಕಿ. ಅಷ್ಟರಲ್ಲಿ ಇಂಜಿನಿಯರ್ ಕಾಕಾ ಕನ್ನಡಕ ಹಣೆಗೇರಿಸಿ ಡಬ್ಬಿಯ ಬುಡ ಓದಿದರು. ಇರುವೆ ಸಾಲಿನಂಥ ಅಕ್ಷರದಲ್ಲಿ "ಮೇಡ್ ಇನ್ ಪಿಆರ್‌ಸಿ" ಅಂತ ಇತ್ತು.

"ಪಿಆರ್‌ಸಿ ಅಂದ್ರ ಪುಣೆ ರೀಲ್ ಕಂಪನಿ ಇರಬೇಕು," ಅಂದ ಸಿಮೆಂಟ್ ಏಜೆಂಟ್.

"ಪೀಪಲ್ಸ್ ರಿಪಬ್ಲಿಕ್ ಆಫ್ ಚೈನಾ," ಅಂದರು ಕಾಕಾ.

ಹೆಸರು ಮರೆಸುವ ಈ ವಿದ್ಯೆ ನಮಗೇನು ಹೊಸದಲ್ಲ. ಉಲ್ಲಾಸನಗರದ ಮಾಲಿನ ಮೇಲೆ "ಮೇಡ್ ಇನ್ ಯುಎಸ್‌ಎ" ಅಂತ ಇರುತ್ತೆ, ಅದರ ಅರ್ಥ ಉಲ್ಲಾಸನಗರ ಸಿಂಧಿ ಅಸೋಸಿಯೇಶನ್ ಅಂತ ಜೋಕು ಕೇಳಿಯೇ ನಮ್ಮ ತಲೆಮಾರು ಬೆಳೆದದ್ದು. ಆಗ ನಮ್ಮ ಮಾಲು ಪರದೇಶಿ ವೇಷ ಹಾಕಿದರೆ ಮಾರಾಟ ಆಗುತ್ತಿತ್ತು. ಈಗ ಪರದೇಶಿ ಮಾಲು ನಮ್ಮ ವೇಷ ಹಾಕುತ್ತಿದೆ. ಇದನ್ನು ಪ್ರಗತಿ ಅಂತ ಕರೆಯಬೇಕು ಅಂತ ಅಧ್ಯಕ್ಷರ ವಾದ. ನಾನು ವಾದ ಮಾಡಲಿಲ್ಲ.

ಮಾವನ ಅಂಗಡಿಯಲ್ಲಿ ಮುಂದೆ ನಡೆದದ್ದು ಒಂದು ಸಣ್ಣ ಭೂಗೋಳ ಪಾಠ. ಒಳ್ಳೆಯ ಗಾಳದ ಪ್ಯಾಕೆಟ್ ನಾರ್ವೆಯ ಮುಸ್ತಾದ್ ಹೆಸರಿನದು. ರೀಲು ಜಪಾನಿನ ಶಿಮಾನೋ. ಕಡಿಮೆ ದುಡ್ಡಿನ ಕೋಲುಗಳೆಲ್ಲ ಚೀನಾದವು. ಶಾಂಡಾಂಗ್ ಪ್ರಾಂತ್ಯದಲ್ಲಿ ವೇಯ್‌ಹಾಯ್ ಅಂತ ಒಂದು ಊರಿದೆ. ನಮ್ಮ ಇಳಕಲ್ಲಿಗೆ ಸೀರೆ ಹೇಗೋ ಆ ಊರಿಗೆ ಗಾಳದ ಕೋಲು ಹಾಗೆ. ದಾರ ನೈಲಾನ್. ಅದನ್ನು 1935ರಲ್ಲಿ ಕಂಡುಹಿಡಿದದ್ದು ಅಮೆರಿಕದ ಡುಪಾಂಟ್ ಕಂಪನಿಯಲ್ಲಿ. ಕೊನೆಗೆ ಅಧ್ಯಕ್ಷರಿಗೆ ಪೂರ್ತಿ ಸ್ವದೇಶಿ ಅಂತ ಸಿಕ್ಕಿದ್ದು ಆ ಎಲ್ಲವನ್ನೂ ಹಾಕಿ ಕೊಟ್ಟ ಚೀಲ. ಅದು ಒಂದು ಸೀರೆ ಅಂಗಡಿಯದು.

"ಬಿದಿರಿನ ಕೋಲಾದ್ರೂ ನಮ್ಮದಲ್ಲೇನ್ರಿ?" ಅಂತ ಒಬ್ಬ ಮಾಸ್ತರರು ಸಮಾಧಾನ ಹೇಳಹೋದರು. ಅದಕ್ಕೂ ಕಾಕಾ ಹತ್ತಿರ ಉತ್ತರ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕದ ಸಾಹೇಬರು ಬಿದಿರು ಸೀಳಿ ಅಂಟಿಸಿ ಗಾಳದ ಕೋಲು ಮಾಡುವಾಗ ಮೊದಮೊದಲು ಬಳಸಿದ್ದು ನಮ್ಮ ಕಡೆಯಿಂದ ಹಡಗಿನಲ್ಲಿ ಹೋದ ಬಿದಿರು. ಅದಕ್ಕೆ ಕಲ್ಕತ್ತಾ ಬಿದಿರು ಅಂತಲೇ ಹೆಸರು. ಆಮೇಲೆ ಚೀನಾದ ಟೊಂಕಿನ್ ಬಿದಿರು ಬಂತು, ನಮ್ಮದು ಮೂಲೆ ಸೇರಿತು. ಅಂದರೆ ಈ ಆಟದಲ್ಲಿ ಚೀನಾ ನಮ್ಮನ್ನು ಸೋಲಿಸಿ ನೂರು ವರ್ಷದ ಮೇಲಾಯಿತು. ನಮ್ಮ ಠರಾವು ಸ್ವಲ್ಪ ತಡವಾಗಿ ಬಂತು ಅನ್ನಬಹುದು.

ಅಧ್ಯಕ್ಷರು ಸೋಲುವ ಆಸಾಮಿಯಲ್ಲ. "ಸಿಗದಿದ್ರ ಮಾಡಸೂಣು," ಅಂದರು. "ಬೆಳಗಾವಿ ಯಾಕ ಐತಿ?"

ಈ ಮಾತು ನನಗೂ ಹಿಡಿಸಿತು. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕ ಹೊಯ್ಯುವ ಫೌಂಡ್ರಿಗಳು, ಲೇತ್ ಮಷಿನ್ನಿನ ಶೆಡ್ಡುಗಳು ಸಾಲುಸಾಲಾಗಿವೆ. ಅದೇ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತವೆ. ವಿಮಾನಕ್ಕೆ ಭಾಗ ಮಾಡುವವರಿಗೆ ಮೀನು ಎಳೆಯುವ ರೀಲು ಯಾವ ಲೆಕ್ಕ? ಶಿಮಾನೋ ಕಂಪನಿ ಕೂಡ 1921ರಲ್ಲಿ ಶುರುವಾದದ್ದು ಸೈಕಲ್ಲಿನ ಫ್ರೀವೀಲ್ ಮಾಡಲಿಕ್ಕೆ. ರೀಲಿಗೆ ಬಂದದ್ದು 1970ರ ಹೊತ್ತಿಗೆ. ಹಲ್ಲಿಗೆ ಹಲ್ಲು ಕೂಡಿಸುವುದು ಬಂದರೆ ಸಾಕು, ಸೈಕಲ್ಲೂ ಓಡುತ್ತೆ, ರೀಲೂ ತಿರುಗುತ್ತೆ. ಲೂಧಿಯಾನಾದಲ್ಲಿ ಸೈಕಲ್ಲು ಕಟ್ಟುವುದಕ್ಕೆ ನಾವೇನು ಜಪಾನಿನ ಅಪ್ಪಣೆ ಕೇಳುತ್ತೇವಾ?

ಲೋಕಾಪುರ, ಯರಗಟ್ಟಿ ದಾಟಿ ಐದು ಜನ ಒಂದೇ ಕಾರಿನಲ್ಲಿ ಹೋದೆವು. ಪರಿಚಯದವರ ಪರಿಚಯದ ಒಬ್ಬ ಫೌಂಡ್ರಿ ಯಜಮಾನರು ಚಹಾ ಕೊಟ್ಟು ಕೂಡಿಸಿದರು. ಅಧ್ಯಕ್ಷರು ದೇಶದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಯಜಮಾನರು ಅಷ್ಟೂ ಹೊತ್ತು ಅಧ್ಯಕ್ಷರ ಮುಖ ನೋಡದೆ ಅವರ ಕೈಯಲ್ಲಿದ್ದ ರೀಲನ್ನು ನೋಡುತ್ತಿದ್ದರು. ಮಾತು ಮುಗಿದ ಮೇಲೆ ರೀಲು ತಗೊಂಡು, ಒಂದು ಸಣ್ಣ ಸ್ಕ್ರೂಡ್ರೈವರಿನಲ್ಲಿ ಮೇಜಿನ ಮೇಲೆ ಬಿಚ್ಚಿ ಹರಡಿಬಿಟ್ಟರು. ಹೊರಮೈ, ದಾರ ಸುತ್ತುವ ಸ್ಪೂಲು, ದೊಡ್ಡ ಗೇರು, ಸಣ್ಣ ಗೇರು, ಬೇರಿಂಗುಗಳು, ಜಗ್ಗಿದಾಗ ಹಿಡಿತ ಕೊಡುವ ವಾಷರುಗಳು.

"ಇದ್ರಾಗ ನಮ್ಮೂರಿಗೆ ಬರದೇ ಇರೋ ಕೆಲಸ ಒಂದೂ ಇಲ್ರಿ," ಅಂದರು.

ಅಧ್ಯಕ್ಷರ ಕಣ್ಣು ಒದ್ದೆಯಾದವು. ನನಗೂ ಗಂಟಲು ಕಟ್ಟಿತು, ಸುಳ್ಳು ಯಾಕೆ ಹೇಳಲಿ.

"ಎಷ್ಟು ಪೀಸ್ ಬೇಕ್ರಿ?"

"ಹದಿನಾಲ್ಕು."

"ಹದಿನಾಲ್ಕು ಸಾವಿರ?"

"ಅಲ್ರಿ. ಹದಿನಾಲ್ಕು."

ಯಜಮಾನರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಸಿಟ್ಟಾಗಲಿಲ್ಲ. ನಿಧಾನಕ್ಕೆ ತಿಳಿಸಿ ಹೇಳಿದರು. ಇಂಥ ಹಗುರ ಅಲ್ಯುಮಿನಿಯಮ್ ಮೈ ಎರಕಕ್ಕೆ ಡೈ, ಅಂದರೆ ಅಚ್ಚು, ಬೇಕು. ಡೈ ಮಾಡಿಸುವ ಖರ್ಚು ಒಂದು ಪೀಸಿಗೂ ಅಷ್ಟೇ, ಒಂದು ಲಕ್ಷ ಪೀಸಿಗೂ ಅಷ್ಟೇ. ಲಕ್ಷಕ್ಕೆ ಹಂಚಿದರೆ ಪೀಸಿಗೆ ಚಿಲ್ಲರೆ ಕಾಸು ಬೀಳುತ್ತೆ. ಹದಿನಾಲ್ಕಕ್ಕೆ ಹಂಚಿದರೆ ಒಂದೊಂದು ರೀಲಿಗೆ ಒಂದು ಮೋಟರ್ ಸೈಕಲ್ಲಿನ ದುಡ್ಡು. ಚೀನಾದವರ ಹತ್ತಿರ ಇರುವುದು ಮಂತ್ರ ಅಲ್ಲ, ಆರ್ಡರ್. "ನೀವು ಹತ್ತು ಸಾವಿರ ಪೀಸಿಗೆ ಅಡ್ವಾನ್ಸ್ ಕೊಡ್ರಿ, ನಾಳೆ ಡ್ರಾಯಿಂಗ್ ಹಚ್ತೀನಿ. ಭಾಷಣಾ ನಾನ ಮಾಡ್ತೀನಿ, ಫುಕಟ್."

ಅಡ್ವಾನ್ಸ್ ಅನ್ನುವ ಶಬ್ದ ಕೇಳಿದ ಕೂಡಲೇ ಐದೂ ಜನ ಫ್ಯಾನ್ ನೋಡಿದೆವು.

ಮತ್ತೆ ಅವರು ರೀಲು ಜೋಡಿಸಿ ಕೊಟ್ಟರು. ಒಂದು ಸ್ಪ್ರಿಂಗು ಎಲ್ಲೋ ಹಾರಿ ಹೋಗಿತ್ತು. ಎಲ್ಲರೂ ಮೇಜಿನ ಕೆಳಗೆ ಬಗ್ಗಿ ಹುಡುಕಿದೆವು, ಸಿಗಲಿಲ್ಲ. ಸ್ವದೇಶಿ ಚಳವಳಿಗೆ ನಮ್ಮ ಗುಂಪು ಕೊಟ್ಟ ಬಲಿ ಅಂದರೆ ಇದುವರೆಗೆ ಆ ಸ್ಪ್ರಿಂಗು. ಬರುವಾಗ ಒಂದು ಕೆಜಿ ಕುಂದಾ ತಂದೆವು. ಬೆಳಗಾವಿ ಪ್ರವಾಸ ಪೂರ್ತಿ ವ್ಯರ್ಥ ಆಗಬಾರದು ಅಲ್ವಾ?

ಮುಂದಿನ ಭಾನುವಾರ ಚರ್ಚೆ ಬೇರೆ ದಾರಿ ಹಿಡಿಯಿತು. ಸಾಮಾನು ಸ್ವದೇಶಿ ಸಿಗದಿದ್ದರೆ ಉಳಿದದ್ದನ್ನಾದರೂ ಶುದ್ಧ ಮಾಡೋಣ ಅಂದರು ಅಧ್ಯಕ್ಷರು. ತನಿಖೆಯನ್ನು ಕಾಕಾಗೆ ಒಪ್ಪಿಸಿದ್ದು ದೊಡ್ಡ ತಪ್ಪು.

ಕಾಕಾ ಮೊದಲು ಎರೆಹುಳು ಹಿಡಿದರು. ಅದು ಸಿಮೆಂಟ್ ಏಜೆಂಟನ ತೋಟದ ಎರೆಗೊಬ್ಬರದ ತೊಟ್ಟಿಯದು. ಆ ತೊಟ್ಟಿಗೆ ಬಿಟ್ಟ ತಳಿಯ ಹೆಸರೇ ಆಫ್ರಿಕನ್ ನೈಟ್ ಕ್ರಾಲರ್. ಹುಳುವನ್ನು ಹೊರಗೆ ಹಾಕಿದರು. ಆಮೇಲೆ ಮೀನಿನ ಸರದಿ. ನಮಗೆ ಜಾಸ್ತಿ ಸಿಗುವುದು ತಿಲಾಪಿಯಾ. ಅದು ಆಫ್ರಿಕಾದ್ದು, ನಮ್ಮ ದೇಶಕ್ಕೆ ತಂದದ್ದು 1952ರಲ್ಲಿ. ಕೆಲವೊಮ್ಮೆ ಬೀಳುವ ಸಾಮಾನ್ಯ ಗೆಂಡೆ 1939ರಲ್ಲಿ ಒಮ್ಮೆ, 1957ರಲ್ಲಿ ಇನ್ನೊಮ್ಮೆ ಹೊರಗಿನಿಂದ ಬಂದದ್ದು. ಕಾಟ್ಲಾ, ರೋಹು ನಮ್ಮವೇ ಆದರೂ ಗಂಗೆಯ ಕಡೆಯವು. ದೇಶದವು, ಊರವಲ್ಲ.

"ಹುಳ ಬ್ಯಾಡ, ಜೋಳದ ಹಿಟ್ಟಿನ ಉಂಡಿ ಕಟ್ಟೂಣು," ಅಂದರು ಮಾಸ್ತರರು.

"ಜೋಳದ ಮೂಲಾನೂ ಆಫ್ರಿಕಾನ," ಅಂದರು ಕಾಕಾ.

ದಂಡೆ ಮೇಲೆ ಒಂದು ಕ್ಷಣ ಯಾರೂ ಉಸಿರಾಡಲಿಲ್ಲ. ಕೋಲಿನ ಬಗ್ಗೆ ಏನಾದರೂ ಅನ್ನಿ, ರೀಲಿನ ಬಗ್ಗೆ ಅನ್ನಿ. ಬಾಗಲಕೋಟೆಯಲ್ಲಿ ನಿಂತು ರೊಟ್ಟಿಯ ಕುಲ ಕೇಳುವುದು ಅಂದರೇನು! ಅಧ್ಯಕ್ಷರು ಕುರ್ಚಿಯಿಂದ ಎದ್ದರು. "ಜ್ವಾಳ ನಮ್ಮದಾಗಿ ಸಾವಿರಾರು ವರ್ಷ ಆತು!"

"ಹಂಗಾದ್ರ ಎಷ್ಟು ವರ್ಷಕ್ಕ ಸ್ವದೇಶಿ ಆಗ್ತೈತಿ, ಅದನ್ನ ಠರಾವಿನ್ಯಾಗ ಬರೀರಿ. ತಿಲಾಪಿಯಾ ಬಂದದ್ದು ಐವತ್ತೆರಡರಾಗ. ನೀವು ಹುಟ್ಟಿದ್ದು ಐವತ್ತೆಂಟರಾಗ. ಈ ದೇಶದಾಗ ನಿಮಗಿಂತ ಅದಕ್ಕ ಸರ್ವೀಸ್ ಹೆಚ್ಚೈತಿ."

ವಯಸ್ಸಿನ ಲೆಕ್ಕಕ್ಕೆ ಬಂದ ಮೇಲೆ ಮೀನುಗಳಿಗೆ ಪೌರತ್ವ ಕೊಡದೆ ಬೇರೆ ದಾರಿ ಇರಲಿಲ್ಲ. ನೀರಿನ ಬಗ್ಗೆ ಯಾರೂ ಕೇಳಬಾರದು ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹಿನ್ನೀರು ಕೃಷ್ಣೆಯದು, ಕೃಷ್ಣೆ ಮಹಾಬಳೇಶ್ವರದವಳು, ಮಹಾಬಳೇಶ್ವರ ಮಹಾರಾಷ್ಟ್ರದ್ದು. ಗಡಿ ಚರ್ಚೆ ಶುರುವಾದರೆ ಚುರಮುರಿ ಮೆತ್ತಗಾಗುತ್ತದೆ.

ಆದರೆ ಆ ಕೃಷ್ಣೆಯ ಮೇಲ್ದಂಡೆಯಲ್ಲೇ, ವಾಯಿಯಲ್ಲಿ, ಮೀನಿನ ಬಲೆ ಮಾಡುವ ದೊಡ್ಡ ಕಾರ್ಖಾನೆ ಇದೆ. ಅಲ್ಲಿಯ ಬಲೆ ನಾರ್ವೆಯಂಥ ದೇಶಗಳ ಸಾಲ್ಮನ್ ಸಾಕಣೆಗೆ ಹೋಗುತ್ತದೆ. ಗಾಳ ಅಲ್ಲಿಂದ ಇಲ್ಲಿಗೆ, ಬಲೆ ಇಲ್ಲಿಂದ ಅಲ್ಲಿಗೆ. ಇದನ್ನು ನಾನು ಹೇಳಿದಾಗ ಅಧ್ಯಕ್ಷರಿಗೆ ಗಾಬರಿಯಾಯಿತು. "ನಾರ್ವೆದಾಗ ಯಾರೂ ಇನ್ನ ಠರಾವು ಮಾಡಿಲ್ಲಲ್ಲ?" ಅಂತ ಕೇಳಿದರು.

ಇನ್ನೊಂದು ಮಾತು. ಮೇದಾರರು ಸೀಳಿ, ಹದ ಮಾಡಿ ಕೊಡುವ ಬಿದಿರ ಕೋಲಿಗೆ ತಪ್ಪದೆ ಮೀನು ಬೀಳುತ್ತವೆ ಅಂತ ನಾನೇನು ಕಥೆ ಕಟ್ಟುವುದಿಲ್ಲ. ಬೀಳುವ ದಿನ ಬೀಳುತ್ತವೆ, ಇಲ್ಲದ ದಿನ ಇಲ್ಲ, ಎಲ್ಲ ಕೋಲಿನ ಹಾಗೆ. ಆದರೆ ಅದು ಇಲ್ಲೇ ಆಗುವ ಮಾಲು ಅಲ್ವಾ, ಅದನ್ನೇ ಎಲ್ಲರೂ ಕೊಳ್ಳೋಣ ಅಂದೆ. ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು. "ಅದು ಸಾಮಾನಲ್ರಿ," ಅಂದರು ಅಧ್ಯಕ್ಷರು, "ಅದು ಬರೇ ಕೋಲು." ವೇದಿಕೆ ಸಿಕ್ಕಾಗಲೆಲ್ಲ ಇವರು ಕಾಯಕದ ಮೇಲೆ ಮಾತಾಡುತ್ತಾರೆ. ಕೂಡಲಸಂಗಮ ನಮ್ಮ ಜಿಲ್ಲೆಯಲ್ಲೇ ಇದೆ, ಹೀಗಾಗಿ ಎಲ್ಲರಿಗೂ ಸ್ವಲ್ಪ ಬಾಯಿಪಾಠ ಇರುತ್ತದೆ.

ಕಳೆದ ವಾರ ಅಂಗಡಿ ಮಾವ ನನ್ನನ್ನು ಕರೆಸಿದರು. ಗಲ್ಲಾದ ಪಕ್ಕ ಕೂಡಿಸಿ, ಚಹಾ ತರಿಸಿ, ದನಿ ತಗ್ಗಿಸಿದರು. ನಮ್ಮ ಠರಾವಿನ ಸುದ್ದಿ ಪೇಟೆಯಲ್ಲೆಲ್ಲ ಹಬ್ಬಿದೆ. ಬಂದವರೆಲ್ಲ ಸ್ವದೇಶಿ ಐತೇನ್ರಿ ಅಂತ ಕೇಳುತ್ತಾರೆ. "ನೀವು ಬರಿಯೋರು. ಒಂದು ಸ್ಟಿಕ್ಕರ್‌ಗೆ ಎರಡು ಸಾಲು ಛಲೋ ಕನ್ನಡ ಬರದ ಕೊಡ್ರಿ. ಸುಳ್ಳ ಬ್ಯಾಡ. ಖರೇನೂ ಬ್ಯಾಡ."

ಇಷ್ಟು ಸ್ಪಷ್ಟವಾಗಿ ಯಾವ ಸಂಪಾದಕರೂ ನನಗೆ ಹೇಳಿರಲಿಲ್ಲ. ಬರೆದುಕೊಟ್ಟೆ. "ನಮ್ಮ ಹೊಳೆ, ನಮ್ಮ ಗಾಳ. ಹೆಮ್ಮೆಯಿಂದ ಹಿಡಿಯಿರಿ." ಯಾವ ದೇಶದ ಹೆಸರೂ ಇಲ್ಲ, ಆದ್ದರಿಂದ ಯಾವ ದೇಶಕ್ಕೂ ಮೋಸ ಇಲ್ಲ. ಸಂಭಾವನೆ ಅಂತ ಮಾವ ಒಂದು ಪ್ಯಾಕೆಟ್ ಗಾಳ ಕೊಟ್ಟರು. ಸ್ಟಿಕ್ಕರ್ ಹಚ್ಚಿದ ಮೊದಲನೇ ಪ್ಯಾಕೆಟ್.

ಮನೆಗೆ ಬಂದು ಉಗುರಿನಿಂದ ಸ್ಟಿಕ್ಕರಿನ ಅಂಚು ಕೆರೆದೆ. ಕೆಳಗೆ ಯಾವ ದೇಶ ಇದೆಯೋ ನೋಡೋಣ ಅಂತ. ದೇಶ ಇರಲಿಲ್ಲ. ಹಳೇ ಬೆಲೆ ಇತ್ತು, ಹೊಸದಕ್ಕಿಂತ ನಲವತ್ತು ರೂಪಾಯಿ ಕಡಿಮೆ. ಅಂದರೆ ನನ್ನ ಒಂದು ಸಾಲಿಗೆ ಇಪ್ಪತ್ತು ರೂಪಾಯಿ ಬಿದ್ದ ಹಾಗಾಯಿತು. ಇಷ್ಟು ವರ್ಷ ಅಂಕಣ ಬರೆದಿದ್ದೇನೆ, ಈ ರೇಟು ಯಾವ ಪತ್ರಿಕೆಯೂ ಕೊಟ್ಟಿರಲಿಲ್ಲ. ರೀಲಿನ ಡಬ್ಬಿಗೂ ಎರಡು ಸಾಲು ಬೇಕಾ ಅಂತ ನಾಳೆ ಮಾವನನ್ನು ಕೇಳಬೇಕು.