ಇಸಿಎಂ ಹೋಗಿದೆ ಅಂದ ಕೂಡಲೇ ದುಡ್ಡು ಹೊಂದಿಸಲು ಹೊರಡಬೇಡಿ

ಆಟಿಯ ಮಳೆ ಮೂರು ದಿನ ಬಿಡದೆ ಹೊಡೆದಿತ್ತು. ಬದಿಯಡ್ಕದಿಂದ ಕುಂಬಳೆಗೆ ಹೊರಟಿದ್ದ ನನ್ನ ಕಾರು ಸೀತಾಂಗೋಳಿ ಹತ್ತಿರ ಎರಡು ಸಲ ಜಗ್ಗಿ ನಿಂತೇಬಿಟ್ಟಿತು. ವರ್ಕ್‌ಶಾಪಿನವರು ಸ್ಕ್ಯಾನರ್ ಹಾಕಿ ಹತ್ತೇ ನಿಮಿಷದಲ್ಲಿ ಹೇಳಿದರು: "ಇಸಿಎಂ ಹೋಗಿದೆ, ಬದಲಿಸಬೇಕು, ನಲವತ್ತು ಸಾವಿರದ ಹತ್ತಿರ ಆಗ್ತದೆ." ಇಸಿಎಂ ಅಂದರೆ ಇಂಜಿನನ್ನು ನಡೆಸುವ ಪುಟ್ಟ ಕಂಪ್ಯೂಟರ್. ಅವರು ಬಾನೆಟ್ ಎತ್ತಿಯೂ ನೋಡಿರಲಿಲ್ಲ.

ಬಂದದ್ದು ಯು0100 ಅನ್ನುವ ಕೋಡ್. ಇಸಿಎಂ ಜೊತೆ ಸಂಪರ್ಕ ಕಡಿದಿದೆ ಅಂತ ಮಾತ್ರ ಅದರ ಅರ್ಥ. ಫ್ಯೂಸ್ ಹೋದರೂ, ರಿಲೇ ಕೆಟ್ಟರೂ, ಇಲಿ ವಯರ್ ಕಡಿದರೂ ಅದೇ ಕೋಡ್ ಬರಬಹುದು. ಫೋನ್ ಎತ್ತಲಿಲ್ಲ ಅಂತ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ದಿನ ನೋಡುತ್ತೇವಾ ಮಾರಾಯ್ರೆ?

ಮನಸ್ಸು ಒಪ್ಪದೆ ಪರಿಚಯದ ಹಳೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ವೋಲ್ಟ್ ಅಳೆಯುವ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಸಿಎಂನ ಅರ್ಥಿಂಗ್ ವಯರಿಗೆ ಹಿಡಿದು ನನಗೆ ಸೆಲ್ಫ್ ಹೊಡೆಯಲು ಹೇಳಿದರು. 0.1 ವೋಲ್ಟಿನ ಆಸುಪಾಸಿನಲ್ಲಿ ಇರಬೇಕಾದ್ದು 2.3 ತೋರಿಸಿತು. ಅಂದರೆ ಅರ್ಥಿಂಗ್ ಸರಿ ಇಲ್ಲ. ಆ ವಯರನ್ನು ಕಾರಿನ ತಗಡಿಗೆ ಬಿಗಿದ ಬೋಲ್ಟ್ ಕಳಚಿದರೆ ಅಡಿಯಲ್ಲಿ ಹಸಿರು ಪುಡಿ, ತಾಮ್ರದ ಕೊಡದ ಬುಡಕ್ಕೆ ಹಿಡಿದ ಕಿಲುಬಿನ ಹಾಗೆ. ಎಮರಿ ಪೇಪರಿನಲ್ಲಿ ತಿಕ್ಕಿದರು, ಬಿಗಿದರು, ಮೇಲಿನಿಂದ ಗ್ರೀಸ್ ಸವರಿದರು. ಎರಡನೇ ಸೆಲ್ಫಿಗೆ ಗಾಡಿ ಸ್ಟಾರ್ಟ್. ಕಡಲಿನ ಉಪ್ಪುಗಾಳಿ, ಮೇಲಿನಿಂದ ಈ ಮಳೆ ಇರುವ ನಮ್ಮ ಕಾಸರಗೋಡಿನಲ್ಲಿ ಮೊದಲು ನೋಡಬೇಕಾದದ್ದು ಅದೇ ಬೋಲ್ಟ್ ಅಲ್ಲವಾ?

ಇಸಿಎಂ ಕೆಡುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಒಳಗೆ ನೀರು ಹೊಕ್ಕರೆ, ಬೇರೆ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವ ಜಂಪರ್ ಕೇಬಲ್ ಉಲ್ಟಾ ಕೊಟ್ಟರೆ ಹೋಗುತ್ತದೆ. ಆದರೆ ಅಳೆದು ತೋರಿಸದೆ ಬದಲಿಸಿ ಅನ್ನುವವರಿಗೆ ಒಪ್ಪಿಗೆ ಕೊಡಬೇಡಿ. ಕರೆಂಟ್ ಬರುತ್ತಿದೆಯಾ, ಅರ್ಥಿಂಗ್ ಸರಿ ಉಂಟಾ, ಪಿನ್ನಿಗೆ ಕಿಲುಬು ಹಿಡಿದಿದೆಯಾ ಅಂತ ಎದುರಿಗೇ ನೋಡಿಸಿ. ಕೇಳುವುದರಲ್ಲಿ ನಾಚಿಕೆ ಎಂತದ್ದು, ದುಡ್ಡು ನಮ್ಮದು.

ಬದಲಿಸುವುದೂ ಬಲ್ಬ್ ಹಾಕಿದ ಹಾಗಲ್ಲ. ನನ್ನ ಭಾವ ಗುಜರಿಯಿಂದ ಅದೇ ಮಾಡೆಲಿನ ಇಸಿಎಂ ತಂದು ಹಾಕಿಸಿದರು. ಗಾಡಿ ಸ್ಟಾರ್ಟ್ ಆಗುವುದು, ಎರಡು ಸೆಕೆಂಡಿಗೆ ಆಫ್. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿಹ್ನೆ ಮಿನುಗುವುದು. ಕೀಯೊಳಗಿನ ಚಿಪ್ಪಿನ ಗುರುತು ಆ ಇಸಿಎಂಗೆ ಗೊತ್ತಿರಲಿಲ್ಲ. ಕಳ್ಳತನ ತಡೆಯಲೆಂದೇ ಇರುವ ಇಮೊಬಿಲೈಸರ್ ಅದು. ಪ್ರೋಗ್ರಾಮಿಂಗ್ ಮಾಡಿಸದೆ ಗತಿಯಿಲ್ಲ. ಈಗಿನ ಡೀಸೆಲ್ ಗಾಡಿಯಾದರೆ ಹೆಚ್ಚಾಗಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕೋಡ್‌ಗಳನ್ನೂ ಹಾಕಬೇಕು. ಈ ಖರ್ಚು ಎಸ್ಟಿಮೇಟಿನಲ್ಲಿ ಸೇರಿದೆಯಾ ಅಂತ ಮೊದಲೇ ಕೇಳಿ.

ಭಾವ ಹಳೆಯ ಇಸಿಎಂ ವರ್ಕ್‌ಶಾಪಿನಲ್ಲೇ ಬಿಟ್ಟು ಬಂದಿದ್ದರು. ಅದರ ಡಾಟಾ ಓದಲು ಬರುವಂತಿದ್ದರೆ ಹೊಸದಕ್ಕೆ ಹಾಕಿ ಕೆಲಸ ಮುಗಿಸಬಹುದಿತ್ತಂತೆ. ಮರುದಿನ ಹೋಗಿ ಕೇಳಿದಾಗ ಅದು ಗುಜರಿಗೆ ಹೋಗಿಯಾಗಿತ್ತು. ನಿಮ್ಮದನ್ನು ಕೇಳಿ ಮನೆಗೆ ತನ್ನಿ.